ಕಲ್ಲುಗೋಡೆಯ ಮುಂದೆ ಹೆಣ ಕಾದ ಮಲಕಿ

ಮಲಕಿ ಹೆನಿಗನ್ ಸಾವಿನ ಮನೆಗೆ ಕಾಲಿಟ್ಟನೆಂದರೆ ಹೆಣವೊಂದನ್ನು ಬಿಟ್ಟು ಮಿಕ್ಕವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೆಣವೂ ಪಾದ್ರಿಗಳ ಭಯಕ್ಕೆ ತಡೆದುಕೊಂಡಿರುತ್ತದೆಯೇ ಹೊರತು ನಗು ಬಾರದೆ ಅಲ್ಲ ಎಂದು ನ್ಯೂಯಾರ್ಕಿನ ಹಡಗುಕಟ್ಟೆಯ ಹಿಂದಿನ ನಮ್ಮ ಓಣಿಯಲ್ಲಿ ಹೇಳುತ್ತಿದ್ದರು. ಐರ್ಲೆಂಡಿನವರಾದ ನಮ್ಮಲ್ಲಿ ಸತ್ತವರನ್ನು ಮಣ್ಣಿಗಿಡುವ ತನಕ ಒಂದು ಗಳಿಗೆಯೂ ಒಂಟಿಯಾಗಿ ಬಿಡುವಂತಿಲ್ಲ. ಹೆಂಗಸರು ಹಾಡಿಕೊಂಡು ಅಳಬೇಕು, ಗಂಡಸರು ಹೊಗೆಸೊಪ್ಪು ಸೇದಬೇಕು, ಯಾರೂ ತೂಕಡಿಸದಂತೆ ಒಬ್ಬ ಆಟ ಆಡಿಸಬೇಕು. ಆ ಯಜಮಾನಿಕೆ ಮಲಕಿಯದು. ಮೀನು ಮಾರುವ ಮುದುಕನೊಬ್ಬ ತೀರಿಕೊಂಡಾಗ, ಹೇಳದೆ ಕೇಳದೆ ಸತ್ತ ಅಪರಾಧಕ್ಕೆಂದು ಮಲಕಿ ಅವನ ಮೇಲೆ ಮೊಕದ್ದಮೆ ಹೂಡಿದ. ತಲೆಗೆ ಹಿಟ್ಟಿನ ಚೀಲ ಹಾಕಿಕೊಂಡು ತಾನೇ ನ್ಯಾಯಾಧೀಶನಾಗಿ, ವಿಧವೆಯನ್ನು ಸಾಕ್ಷಿಗೆ ಕರೆದ.

"ಏನಮ್ಮಾ, ಈ ಅಪರಾಧಿ ಹಿಂದೆ ಯಾವತ್ತಾದ್ರೂ ಹೀಗೆ ಸತ್ತಿದ್ನಾ?"

"ಇಲ್ಲ ಸ್ವಾಮಿ, ಇದೇ ಮೊದಲ್ನೇ ಸಲ. ಬಿಟ್ಬಿಡಿ," ಎಂದಳು ಆ ಹೆಂಗಸು, ಮತ್ತು ನಗುತ್ತ ನಗುತ್ತಲೇ ಅತ್ತಳು. ಆ ದಿನದ ನಗುವಿಗೆ ಮೂರು ಬೀದಿಯಾಚೆ ಕಿಟಕಿಯ ಗಾಜು ಒಡೆಯಿತು ಎನ್ನುವವರಿದ್ದಾರೆ. ಎರಡು ಬೀದಿ ಎಂದರೆ ನಂಬಬಹುದು.

ಇಷ್ಟೆಲ್ಲ ಕುಣಿಸುವ ಮನುಷ್ಯ, ಹೆಣದ ಪಕ್ಕದ ಕುರ್ಚಿ ಖಾಲಿಯಾದರೆ ಸಾಕು, ಆಟವನ್ನು ಅಲ್ಲಿಗೇ ನಿಲ್ಲಿಸಿ ಓಡಿಬಂದು ತಾನು ಕೂರುತ್ತಿದ್ದ. ಅದಕ್ಕೆ ಕಾರಣವಿತ್ತು. ಐರ್ಲೆಂಡಿನ ಮೇಯೋ ಸೀಮೆಯಲ್ಲಿ, ಆಲೂಗಡ್ಡೆ ನೆಲದೊಳಗೇ ಕೊಳೆತು ಕಪ್ಪಾದ ವರ್ಷಗಳಲ್ಲಿ, ಅವನ ತಾಯಿ ಜ್ವರ ಬಂದು ಸತ್ತಳು. ಮಲಕಿಗೂ ತಂಗಿ ಹನೋರಳಿಗೂ ಅದೇ ಜ್ವರ. ಒಲೆಯ ಆಚೆ ಬದಿಗೆ ಬಿದ್ದಿದ್ದರು, ಏಳಲಾಗಲಿಲ್ಲ. ನೆರೆಯವರು ಬಾಗಿಲ ತನಕ ಬಂದು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹಿಂದಕ್ಕೆ ಹೋದರು. ಬಾಗಿಲು ಎಳೆದುಕೊಳ್ಳುವುದನ್ನು ಮರೆತರು. ನಾಯಿಗಳು ಬಂದವು. ಒಲೆಯ ಆಚೆಯಿಂದ ಇಬ್ಬರೂ ಕೂಗಲು ನೋಡಿದರು, ದನಿ ಹೊರಡಲಿಲ್ಲ.

ಜ್ವರ ಬಿಟ್ಟ ಮೇಲೆ ಅಣ್ಣ ತಂಗಿ ಹಡಗು ಹತ್ತಿದರು. ಆ ಹಡಗಿನಲ್ಲಿ ಹೇನುಗಳು ಎಷ್ಟಿದ್ದವೆಂದರೆ ಗಾಳಿ ಬೀಸದ ದಿನ ಅವೇ ತಳ್ಳಿಕೊಂಡು ಹೋಗುತ್ತಿದ್ದವಂತೆ. ನ್ಯೂಯಾರ್ಕಿನಲ್ಲಿ ಮಲಕಿ ಹಡಗಿನ ಮೂಟೆ ಇಳಿಸುವ ಕೆಲಸ ಹಿಡಿದ. ಹನೋರಾ ಗಾಲ್ವೇ ಕಡಲತೀರದ ಫೆಸ್ಟಸ್ ಕಾಯ್ನ್ ಎಂಬವನನ್ನು ಮದುವೆಯಾದಳು. ಫೆಸ್ಟಸ್ ಬಾಗಿಲಲ್ಲಿ ನಿಂತರೆ ಒಳಗಿನವರು ದೀಪ ಹಚ್ಚುತ್ತಿದ್ದರು, ಅಂಥ ಆಳು. ಮಾತು ಮಾತ್ರ ವಾರಕ್ಕೊಂದು.

ಅಮೆರಿಕದ ಉತ್ತರದ ರಾಜ್ಯಗಳೂ ದಕ್ಷಿಣದ ರಾಜ್ಯಗಳೂ ಬಡಿದಾಡತೊಡಗಿದಾಗ ನಮ್ಮ ಓಣಿಗೆ ಅದು ಯಾರದೋ ಮನೆಯ ಅಣ್ಣತಮ್ಮಂದಿರ ಜಗಳ. ಆದರೆ ಕೆಲಸ ಕೇಳಹೋದಾಗ ಐರಿಷರು ಬೇಡ ಎಂದು ಬಾಗಿಲು ಹಾಕಿಕೊಂಡ ಊರೇ ಈಗ ದಂಡಿಗೆ ಬನ್ನಿ ಬನ್ನಿ ಎಂದು ಬಾಯ್ತುಂಬ ಕರೆಯಿತು. ಐರ್ಲೆಂಡಿನ ಹಸಿರು ಬಾವುಟ ಹಿಡಿದು, ಬ್ಯಾಂಡು ಬಾರಿಸಿಕೊಂಡು ಓಣಿಗೆ ಬಂದರು. ಬ್ಯಾಂಡು ಕೇಳಿಕೊಂಡು ಹಿಂದೆ ಹೋದ ಫೆಸ್ಟಸ್ ಸಂಜೆ ಮನೆಗೆ ಬರುವಾಗ ಸಿಪಾಯಿಯಾಗಿದ್ದ.

ಹನೋರಾ ಅಣ್ಣನನ್ನು ಕರೆಸಿದಳು. "ಅಣ್ಣಾ, ನೀನೂ ಹೋಗು. ಈ ಎತ್ತಿಗೆ ಬಗ್ಗೋದು ಗೊತ್ತಿಲ್ಲ. ಗುಂಡು ಬಂದ್ರೂ ನೆಟ್ಟಗೆ ನಿಂತಿರ್ತಾನೆ."

"ನಿಂತ್ಕೊಳ್ಲಿ ಬಿಡು. ಅವನ ಹಿಂದೆ ಹತ್ತು ಜನ ಬಚ್ಚಿಟ್ಕೋಬಹುದು," ಎಂದ ಮಲಕಿ.

"ನಗಿಸ್ಬೇಡ. ಸತ್ರೆ ಸಾಯ್ಲಿ, ದಂಡಿಗೆ ಹೋದೋರು ಸಾಯ್ತಾರೆ. ಒಂಟಿಯಾಗಿ ಮಾತ್ರ ಬಿದ್ದಿರ್ಬಾರ್ದು. ಅಮ್ಮನ ಹಂಗೆ ಬಿದ್ದಿರ್ಬಾರ್ದು. ಆಣೆ ಮಾಡು."

ಅಮ್ಮನ ಮಾತು ಅವರಿಬ್ಬರ ನಡುವೆ ಬಂದದ್ದು ಅಷ್ಟು ವರ್ಷಗಳಲ್ಲಿ ಅದೊಂದೇ ಸಲ. ಮಲಕಿ ಆಣೆ ಮಾಡಿದ.

ದಂಡಿನಲ್ಲಿ ಅವರಿಗೆ ಮೂರನೆಯವನೊಬ್ಬ ಗಂಟುಬಿದ್ದ: ಫೀಲಿಮ್ ಮೆಕಾಲೀರ್, ನಮ್ಮ ಹೊಳೆಯಾಚೆಯ ಬ್ರೂಕ್ಲಿನ್‌ನ ದರ್ಜಿ. ಇಡೀ ದಂಡಿನ ಹರಿದ ಷರಾಯಿ ಹೊಲಿದುಕೊಡುತ್ತಿದ್ದ, ಒಂದೊಂದು ಹೊಲಿಗೆಗೆ ಒಂದೊಂದು ದೂರು ಹೇಳುತ್ತಿದ್ದ. ಚಳಿ, ಕೆಸರು, ಕ್ಯಾಪ್ಟನ್ನನ ಮೀಸೆ, ಯಾವುದೂ ಅವನಿಗೆ ಆಗದು. ದಂಡಿನವರು ಕೊಡುವ ಬಿಸ್ಕತ್ತಂತೂ ಅವನ ಕಡುವೈರಿ. ಎದೆಯ ಜೇಬಿನಲ್ಲಿ ಇಟ್ಟುಕೊಂಡವನನ್ನು ಆ ಬಿಸ್ಕತ್ತು ಗುಂಡಿನಿಂದ ಕಾಪಾಡುತ್ತಿತ್ತು, ತಿಂದವನನ್ನು ಕಾಪಾಡಲು ಯಾರೂ ಇರಲಿಲ್ಲ.

"ನಿನ್ ಹೆಂಡ್ತಿ ಹೆಂಗಯ್ಯ ನಿನ್ ಜೊತೆ ಬಾಳ್ತಾಳೆ?" ಎಂದು ಮಲಕಿ ಕೇಳಿದರೆ, "ಸಿಸಿಲಿಗೆ ಒಂದು ಕಿವಿ ಕೇಳಲ್ಲ. ಆ ಕಡೆ ಕೂತ್ಕೊಂಡು ಮಾತಾಡ್ತೀನಿ," ಎನ್ನುತ್ತಿದ್ದ.

ಡಿಸೆಂಬರಿನಲ್ಲಿ ಅವರನ್ನು ವರ್ಜೀನಿಯಾದ ಫ್ರೆಡರಿಕ್ಸ್‌ಬರ್ಗ್ ಎಂಬ ಊರಿಗೆ ತಂದು ನಿಲ್ಲಿಸಿದರು. ಊರಾಚೆ ಬಯಲು, ಬಯಲಾಚೆ ಏರು, ಏರಿನಲ್ಲಿ ಎದೆಯೆತ್ತರದ ಕಲ್ಲುಗೋಡೆ, ಗೋಡೆಯ ಹಿಂದೆ ದಕ್ಷಿಣದವರು. ಆ ಬಯಲನ್ನು ದಾಟಿ ಗೋಡೆ ಮುಟ್ಟಬೇಕು ಎಂದು ಅಪ್ಪಣೆಯಾಯಿತು. ಅಪ್ಪಣೆ ಕೊಟ್ಟವರು ಊರ ಹಿಂದಿನ ನದಿಯ ಆಚೆ ಇದ್ದರು. ಐರಿಷರು ಟೋಪಿಗೆ ಒಂದೊಂದು ಹಸಿರು ಎಲೆಯ ಕುಡಿ ಸಿಕ್ಕಿಸಿಕೊಂಡು ಹೊರಟರು.

ಗುಂಡು ಎಷ್ಟು ದಟ್ಟವಾಗಿ ಬಂತೆಂದರೆ, ಅರ್ಧ ದಾರಿಯಲ್ಲಿ ಗುಂಡುಗಳೇ ಒಂದಕ್ಕೊಂದು ಜಾಗ ಬಿಡು ಎಂದು ಜಗಳಕ್ಕೆ ಬಿದ್ದಿದ್ದವು. ಆಲಿಕಲ್ಲಿನ ಮಳೆಗೆ ತಲೆ ತಗ್ಗಿಸಿಕೊಂಡು ನಡೆಯುವವರಂತೆ ಎಲ್ಲರೂ ಟೋಪಿ ತಗ್ಗಿಸಿಕೊಂಡು ಓಡಿದರು. ಫೆಸ್ಟಸ್ ತಗ್ಗಲಿಲ್ಲ. ಗೋಡೆ ಇನ್ನು ಕಲ್ಲೆಸೆಯುವಷ್ಟು ದೂರವಿರುವಾಗ ಎದೆಗೆ ಮೂರು ಗುಂಡು ತಿಂದು, ಕೂತುಕೊಳ್ಳುವವನಂತೆ ನಿಧಾನವಾಗಿ ಕೆಳಗಾದ. ಏನೋ ಹೇಳಲು ಬಾಯಿ ತೆರೆದ. ಆ ವಾರದ ಮಾತು ಬಾಯಲ್ಲೇ ಉಳಿಯಿತು.

ಮಲಕಿ ಅವನ ಪಕ್ಕ ಅಂಗಾತ ಬಿದ್ದುಕೊಂಡ. ಎಡಗೈಯ ಎರಡು ಬೆರಳು ಹೋಗಿದ್ದವು, ಯಾವಾಗ ಹೋದವೋ ಅವನಿಗೆ ತಿಳಿಯದು. ಉಳಿದವರು ಇಳಿಜಾರಿಗೆ ಹಿಂದೆ ಸರಿದರು. ಗೋಡೆಯ ಮುಂದೆ ಸತ್ತವರೂ ಸಾಯುತ್ತಿರುವವರೂ ಮಾತ್ರ ಉಳಿದರು. ತಲೆಯೆತ್ತಿದವನ ತಲೆ ಹಾರುತ್ತಿತ್ತು. ಮಾರು ದೂರದಲ್ಲಿ ಫೀಲಿಮ್ ತೊಡೆಗೆ ಗುಂಡು ಬಿದ್ದು ಹೊರಳುತ್ತಿದ್ದ. ಮಲಕಿ ತೆವಳಿ ಹೋಗಿ, ಹಲ್ಲನ್ನೂ ಒಂದು ಕೈಯನ್ನೂ ಬಳಸಿ ತೊಡೆಗೆ ಪಟ್ಟಿ ಬಿಗಿದು, ಮತ್ತೆ ತೆವಳಿ ಫೆಸ್ಟಸ್‌ನ ಪಕ್ಕಕ್ಕೆ ಬಂದ.

ಬಂದವನು ನಮ್ಮ ಐರಿಷ್ ಮಾತಿನಲ್ಲಿ ಹೆಣದ ಜೊತೆ ಗಟ್ಟಿಯಾಗಿ ಮಾತಾಡತೊಡಗಿದ. "ಭಾವಾ, ಮೇಣದಬತ್ತಿ ಇಲ್ಲ, ಹೊಗೆಸೊಪ್ಪಿಲ್ಲ. ಅಳೋರೇನೋ ಬೇಕಾದಷ್ಟು ಜನ ಇದ್ದಾರೆ, ಕೇಳಿಸ್ತಿದೆಯಲ್ಲ. ನಾನಿದೀನಿ, ಯೋಚ್ನೆ ಮಾಡ್ಬೇಡ."

ಗೋಡೆಯ ಹಿಂದಿನಿಂದ ಅದೇ ಮಾತಿನಲ್ಲಿ ಒಂದು ದನಿ ಕೇಳಿತು. "ಯಾರಪ್ಪಾ ಅದು ಹೋಗಿರೋದು?"

ಮಲಕಿ ಗೋಡೆಯ ಕಡೆ ಮುಖ ತಿರುಗಿಸಿದ. "ಫೆಸ್ಟಸ್ ಕಾಯ್ನ್. ನನ್ ತಂಗಿ ಗಂಡ."

"ಗಾಲ್ವೇ ಕಾಯ್ನ್‌ಗಳಾ? ಅಯ್ಯೋ ದೇವ್ರೇ. ಅವನ ಚಿಕ್ಕಪ್ಪನ ದೋಣೀಲಿ ಮೀನು ಹಿಡ್ದೋನು ನಾನು. ಕೋಲ್ಮನ್ ಮಲ್ಕೆರನ್ ಅಂತ. ಜಾರ್ಜಿಯಾದಲ್ಲಿ ರೈಲು ಹಳಿ ಹಾಕ್ತಿದ್ದೆ, ಹಿಡ್ಕೊಂಡು ಬಂದು ಇಲ್ಲಿ ನಿಲ್ಲಿಸಿದ್ರು."

"ಇವನಿಗೆ ಹೊಡ್ದೋನು ನೀನೇನಾ?"

"ಎಲ್ರೂ ಒಂದೇ ಸಲ ಹೊಡೀತೀವಿ. ಯಾರ್ದು ಯಾರಿಗೆ ಬಿತ್ತು ಅಂತ ಹೆಂಗೆ ಹೇಳೋದು? ದೊಡ್ಡ ಆಳಾ?"

"ಬಾಗಿಲಷ್ಟು."

"ಹಂಗಾದ್ರೆ ನಂದೂ ಒಂದು ಬಿದ್ದಿರ್ಬೇಕು. ದೇವ್ರು ಅವನಿಗೆ ಒಳ್ಳೇದು ಮಾಡ್ಲಿ. ನೀನು ತಲೆ ಎತ್ಬೇಡ. ನನ್ ಪಕ್ಕದಲ್ಲಿರೋನಿಗೆ ನಮ್ ಭಾಷೆ ಬರಲ್ಲ, ಗುರಿ ಇಡೋದು ಮಾತ್ರ ಬರುತ್ತೆ."

ಹೊಗೆಸೊಪ್ಪಿನ ತುಣುಕೊಂದು ಗೋಡೆ ಹಾರಿ ಬಂದು ಹುಲ್ಲಿನಲ್ಲಿ ಬಿತ್ತು. ಮಲಕಿ ಅದನ್ನು ಎಳೆದುಕೊಂಡು ಫೆಸ್ಟಸ್‌ನ ಎದೆಯ ಮೇಲಿಟ್ಟ.

ಚಳಿಗಾಲದ ಹೊತ್ತು ಬೇಗ ಇಳಿಯಿತು. ನಸುಗತ್ತಲು ಕವಿಯುತ್ತಿದ್ದಂತೆ ಕೈಕಾಲು ಇದ್ದವರೆಲ್ಲ ಒಬ್ಬೊಬ್ಬರಾಗಿ ಇಳಿಜಾರಿನ ಕಡೆಗೆ ಜಾರತೊಡಗಿದರು. ಫೀಲಿಮ್ ಕೂಗುತ್ತಲೇ ಇದ್ದ. "ಮಲಕೀ, ನನ್ನ ಎಳ್ಕೊಂಡು ಹೋಗೋ. ಚಳಿ ಕಣೋ."

ಮಲಕಿಗೆ ಇದ್ದದ್ದು ಒಂದು ಕೈ. ದರ್ಜಿಯನ್ನು ಎಳೆಯಬಹುದಿತ್ತು, ಒಣಕಲು ಮನುಷ್ಯ. ಎತ್ತಿನಂಥ ಫೆಸ್ಟಸ್‌ನನ್ನು ಕದಲಿಸುವುದೂ ಆಗದು. ದರ್ಜಿಯೊಡನೆ ಹೋದರೆ ಭಾವನ ಹೆಣ ಒಂಟಿ.

ಗೋಡೆಯ ಹಿಂದಿನ ಕೋಲ್ಮನ್‌ಗೂ ಇದು ತಿಳಿಯಿತು. "ಅಣ್ಣಾ, ಆ ಕೂಗ್ತಿರೋನನ್ನ ಎಳ್ಕೊಂಡು ಇಳಿ. ಇಲ್ಲಿ ನಾವೊಂದಷ್ಟು ಐರಿಷರು ಇದೀವಿ, ಹೊಡೆಯಲ್ಲ. ನಿನ್ ಭಾವನ ಹತ್ರ ನಾನು ಕೂತ್ಕೋತೀನಿ. ಗೋಡೆ ದಾಟಿ ಬರ್ತೀನಿ, ನಮ್ಮಮ್ಮನಾಣೆ. ಒಂಟಿ ಬಿಡಲ್ಲ."

"ಕೊಂದೋನು ಹೆಣ ಕಾಯೋದಾ?" ಎಂದು ಮಲಕಿ ಉರಿದುಬಿದ್ದ. ಕೊಂದವನು ಹತ್ತಿರ ಸುಳಿದರೆ ಸತ್ತವನ ಗಾಯದಿಂದ ಮತ್ತೆ ರಕ್ತ ಬರುತ್ತದೆಂದು ನಮ್ಮ ನಂಬಿಕೆ. ಮಲಕಿ ಎಷ್ಟೋ ಸಾವಿನ ಮನೆಗಳಲ್ಲಿ ಅದನ್ನೇ ಕಥೆ ಕಟ್ಟಿ ಹೇಳಿ ಜನರನ್ನು ಹೆದರಿಸಿದ್ದವನು. "ಇವನ ಮೈಲಿ ಇರೋದೇ ಸ್ವಲ್ಪ ರಕ್ತ. ಅದನ್ನೂ ಹರಿಸೋಕೆ ಬರ್ತೀಯಾ? ಬೇಡ. ಅಲ್ಲೇ ಇರು ನೀನು."

"ಅಯ್ಯೋ, ಅವನು ಸತ್ತಿದ್ದಾನೆ ಕಣೋ ಮಲಕಿ," ಎಂದ ಫೀಲಿಮ್. "ನಾನು ಸತ್ತಿಲ್ಲ. ನೋಡು, ಮಾತಾಡ್ತಿದೀನಿ."

"ನೀನು ಸತ್ತ ಮೇಲೂ ಮಾತಾಡ್ತೀಯ, ನಂಗೊತ್ತು. ಸ್ವಲ್ಪ ತಡಿ. ಸ್ಟ್ರೆಚರ್‌ನೋರು ಬರ್ತಾರೆ."

ಸ್ಟ್ರೆಚರ್‌ನವರು ಬರಲಿಲ್ಲ. ದರ್ಜಿ ಬಹಳ ಹೊತ್ತು ಕರೆದ. ಮೊದಮೊದಲು ಬೈದು ಕರೆದ, ಆಮೇಲೆ ಬರೀ ಹೆಸರು ಹಿಡಿದು ಕರೆದ, ಆಮೇಲೆ ಸಿಸಿಲಿಯೊಡನೆ ಮಾತಾಡಿದ. ಅವಳಿಗೆ ಕೇಳದ ಕಿವಿಯ ಕಡೆ ಕೂತವನಂತೆ, ಸಣ್ಣಗೆ. ಬೆಳಕು ಹರಿದಾಗ ಅವನ ಹುಬ್ಬಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಮಲಕಿ, "ಫೀಲಿಮ್, ಏನಾದ್ರೂ ಬೈಯೋ," ಎಂದ. ಫೀಲಿಮ್ ಬೈಯಲಿಲ್ಲ.

ಆ ಇಡೀ ಭಾನುವಾರ ಮಲಕಿ ಎರಡು ಹೆಣಗಳ ನಡುವೆ ಬಿದ್ದಿದ್ದ. ಸಂಜೆ ಅವನ ದಂಡಿನ ಇಬ್ಬರು ತೆವಳಿ ಬಂದು, ಬೇಡ ಬೇಡವೆಂದು ಒದೆಯುತ್ತಿದ್ದವನನ್ನು ಕಾಲು ಹಿಡಿದು ಕೆಳಗೆ ಎಳೆದುಕೊಂಡು ಹೋದರು. ಒಬ್ಬನ ಮೂಗು ಒದೆತಕ್ಕೆ ಒಡೆಯಿತು. ಕಾದ ಹೆಣ ಕೊನೆಗೂ ಒಂಟಿಯಾಯಿತು.

ಕೆಲವು ದಿನಗಳಾದ ಮೇಲೆ ಎರಡೂ ಕಡೆಯವರು ಬಿಳಿ ಬಾವುಟ ಎತ್ತಿ, ಸತ್ತವರನ್ನು ಹೂಳಲು ಒಪ್ಪಿದರು. ಗಾಯದ ಕೈ ಕಟ್ಟಿಕೊಂಡೇ ಮಲಕಿ ಹಾರೆಯವರ ಜೊತೆ ಹೋದ. ಬಯಲಿನ ಹೆಣಗಳಲ್ಲಿ ಹೆಚ್ಚಿನವು ಬರಿಮೈಯಾಗಿದ್ದವು, ಗೋಡೆಯ ಹಿಂದಿನವರಿಗೂ ಚಳಿಯೇ ತಾನೆ. ಫೆಸ್ಟಸ್‌ನ ಗುರುತು ಹಿಡಿಯುವುದು ಕಷ್ಟವಾಗಲಿಲ್ಲ, ಅಷ್ಟು ದೊಡ್ಡ ಮೈ ಇನ್ನೊಂದಿರಲಿಲ್ಲ. ಅವನ ಮುಖದ ಮೇಲೆ ದಕ್ಷಿಣದವರ ಬೂದು ಬಣ್ಣದ ಹಳೆಯ ಟೋಪಿಯೊಂದನ್ನು ಮುಚ್ಚಿದ್ದರು. ಫೀಲಿಮ್‌ನ ಮುಖದ ಮೇಲೆ ಕರವಸ್ತ್ರವಿತ್ತು. ಪಕ್ಕದಲ್ಲಿ ಬೋಳುತಲೆಯ ಕುಳ್ಳನೊಬ್ಬ ನಿಂತಿದ್ದ.

"ಬಟ್ಟೆ ನಮ್ಮೋರು ಬಿಚ್ಕೊಂಡ್ರು. ನನ್ನಿಂದ ತಡೆಯೋಕಾಗ್ಲಿಲ್ಲ," ಎಂದ ಅವನು. ಅದು ಕೋಲ್ಮನ್‌ನ ದನಿ. "ನಿನ್ನ ಎಳ್ಕೊಂಡು ಹೋದ್ಮೇಲೆ ಬಂದೆ. ಬೇಡ ಅಂದಿದ್ದೆ ನೀನು, ಆದ್ರೂ ಬಂದೆ. ಇಬ್ಬರ ಮಧ್ಯೆ ಕೂತಿದ್ದೆ. ರಕ್ತ ಬರ್ಲಿಲ್ಲ ಕಣಣ್ಣ. ನೋಡ್ತಾನೇ ಇದ್ದೆ. ಬರ್ಲಿಲ್ಲ."

ಮಲಕಿ ದರ್ಜಿಯ ಕಡೆ ನೋಡಿದ. ಅವನ ತೊಡೆಯಲ್ಲಿ ತಾನು ಬಿಗಿದ ಪಟ್ಟಿ ಹಾಗೆಯೇ ಇತ್ತು, ಸಡಿಲವಾಗಿರಲಿಲ್ಲ. ಎಳೆದುಕೊಂಡು ಹೋಗಿದ್ದರೆ ಆ ಪಟ್ಟಿಗೆ ಅವನು ಬದುಕುತ್ತಿದ್ದ. ಇಬ್ಬರನ್ನೂ ಮಿಕ್ಕವರ ಜೊತೆ ಉದ್ದನೆಯ ಗುಂಡಿಗೆ ಇಳಿಸಿದರು. ಪಾದ್ರಿ ಇರಲಿಲ್ಲ. ಕೋಲ್ಮನ್ ತನ್ನ ಟೋಪಿ ವಾಪಸು ಕೇಳಲಿಲ್ಲ.

ಜನವರಿಯಲ್ಲಿ ಗಾಯದ ಕೈಗೆ ರಜೆ ಸಿಕ್ಕಿ ಮಲಕಿ ಮನೆಗೆ ಬಂದ. ಹನೋರಾ ಬಾಗಿಲಲ್ಲೇ ಕೇಳಿದಳು, "ಒಂಟಿಯಾಗಿ ಇದ್ನಾ?"

"ಇರ್ಲಿಲ್ಲ."

"ದೇವ್ರು ದೊಡ್ಡೋನು," ಎಂದಳು. ಕೂತು ನೀರು ಕುಡಿದಳು. ಆಮೇಲೆ ಮಲಕಿ ಮಿಕ್ಕದ್ದನ್ನು ಹೇಳಿದ. ದರ್ಜಿ ಕೂಗಿದ್ದು, ಕೋಲ್ಮನ್ ಬರುತ್ತೇನೆಂದದ್ದು, ತಾನು ತಡಿ ಎಂದದ್ದು. ಹನೋರಾ ನೀರಿನ ಲೋಟ ಕೆಳಗಿಟ್ಟಳು. "ಆ ದರ್ಜಿಗೆ ಹೆಂಡ್ತಿ ಇದ್ದಾಳಾ?" ಎಂದಳು.

"ಬ್ರೂಕ್ಲಿನ್‌ನಲ್ಲಿ."

ಹನೋರಾ ಶಾಲು ಹೊದ್ದುಕೊಂಡಳು. "ನಡಿ."

ದೋಣಿ ಹಿಡಿದು ಇಬ್ಬರೂ ಹೊಳೆ ದಾಟಿದರು. ಸಿಸಿಲಿಯ ಮನೆಯಲ್ಲಿ ಹೆಣವಿಲ್ಲದ ಸಾವಿಗೆ ಜನ ಸೇರಿದ್ದರು, ಭಾನುವಾರ ಮಧ್ಯಾಹ್ನ. ದರ್ಜಿ ಕಾಲು ಮಡಚಿ ಕೂರುತ್ತಿದ್ದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಮೇಣದಬತ್ತಿ ಹಚ್ಚಿದ್ದರು. ಮಲಕಿಯ ಹೆಸರು ಕೇಳುತ್ತಲೇ ಜಾಗ ಬಿಟ್ಟರು. ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು.

ಸಿಸಿಲಿ ಸಣ್ಣ ಹೆಂಗಸು, ಕೇಳುವ ಕಿವಿಯನ್ನು ಅವನ ಕಡೆ ತಿರುಗಿಸಿ ನಿಂತಳು. "ನೀನು ಅವರ ಪಕ್ಕದಲ್ಲೇ ಇದ್ದೆ ಅಂತ ಹೇಳಿದ್ರು. ಇಡೀ ರಾತ್ರಿ ಇದ್ಯಂತೆ. ನಿನ್ ಹೊಟ್ಟೆ ತಣ್ಣಗಿರ್ಲಿ ಅಣ್ಣಾ. ಒಂಟಿಯಾಗಿ ಹೋದ್ರೇನೋ ಅಂತ ನಂಗೆ ಅದೇ ಸಂಕಟ ಆಗಿತ್ತು."

"ಆಟದ ಮಲಕಿ ಅಲ್ವೇ ಇವನು?" ಎಂದರು ಯಾರೋ ಹಿಂದಿನಿಂದ. "ದರ್ಜಿ ಹೆಸರಲ್ಲಿ ಏನಾದ್ರೂ ಒಂದು ಆಡಿಸಪ್ಪ. ಈ ಮನೇಲಿ ನಗೋಕೂ ಗತಿಯಿಲ್ದಂಗಾಗಿದೆ."

ಮಲಕಿ ಸುಮ್ಮನಿದ್ದುಬಿಡಬಹುದಿತ್ತು. ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ, ಎಲ್ಲವನ್ನೂ ಅವರೇ ಹೇಳಿಯಾಗಿತ್ತು. ಹನೋರಾ ನೆಲ ನೋಡುತ್ತ ನಿಂತಿದ್ದಳು. ಮಲಕಿ ಬಾಯಿ ತೆರೆದ. ಜನ ನಗಲು ಅಣಿಯಾದರು.

"ಅವನನ್ನ ನಾನು ಕರ್ಕೊಂಡು ಬರ್ಬಹುದಿತ್ತು ತಾಯಿ," ಎಂದ. "ಎಳ್ಕೊಂಡು ಹೋಗು ಅಂತ ಕೇಳ್ದ. ನನ್ ಭಾವನ ಹೆಣ ಕಾಯ್ತಿದ್ದೆ. ಹೋಗ್ಲಿಲ್ಲ."

ಮೊದಲು ಯಾರೋ ಅಭ್ಯಾಸಕ್ಕೆ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

"ಎಷ್ಟೊತ್ತು ಕೇಳಿದ್ರು?" ಎಂದಳು ಸಿಸಿಲಿ.

"ಬೆಳಗಿನ ಜಾವದ ತನಕ."

"ನೀನೇನಂದೆ?"

"ಸ್ವಲ್ಪ ತಡಿ ಅಂದೆ."

ಸಿಸಿಲಿ ಮೇಜಿನ ಬಟ್ಟೆಯ ಸುಕ್ಕು ಎಳೆದು ಸರಿಮಾಡಿದಳು. "ಸತ್ತೋನಿಗೆ ಹೆಂಡ್ತಿ ಇದ್ಲು, ಸರಿ. ಬದುಕಿದ್ದೋನಿಗೂ ಇದ್ಲಲ್ಲಪ್ಪ," ಎಂದಳು. ದನಿ ಏರಿಸಲಿಲ್ಲ. ಆಮೇಲೆ, "ಆ ಕುರ್ಚಿ ಬೇರೆಯವರಿಗೆ ಬೇಕು," ಎಂದಳು.

ಮಲಕಿ ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಒಳಗೆ ಹನೋರಾ ದರ್ಜಿಗಾಗಿ ಹಾಡಿಕೊಂಡು ಅಳತೊಡಗಿದಳು. ಅವನ ಸೂಜಿ, ಅವನ ಕತ್ತರಿ, ಅವನ ಬೈಗುಳ ಎಲ್ಲವನ್ನೂ ಹಾಡಿನಲ್ಲಿ ಹೆಸರು ಹಿಡಿದು ಕರೆದಳು, ಕಂಡೇ ಇರದ ಮನುಷ್ಯನಿಗಾಗಿ. ಸಿಸಿಲಿ ಅವಳನ್ನು ತಡೆಯಲಿಲ್ಲ. ದೋಣಿಯಲ್ಲಿ ಹಿಂದೆ ಬರುವಾಗ ಅಣ್ಣ ತಂಗಿ ಒಂದೇ ಹಲಗೆಯ ಮೇಲೆ ಕೂತಿದ್ದರು.

ರಜೆ ಮುಗಿಸಿ ದಂಡಿಗೆ ಹೋದ ಮಲಕಿ ಬಂದೂಕು ಒಪ್ಪಿಸಿ ಸ್ಟ್ರೆಚರ್ ಹೊರುವ ಕೆಲಸ ಕೇಳಿದ. ಮೂರು ಬೆರಳಿನ ಎಡಗೈಗೆ ಪಟ್ಟಿ ಬಿಗಿದುಕೊಂಡು ಹೊತ್ತ. ಮುಂದಿನ ಬೇಸಿಗೆಯ ಕಾಳಗಗಳಲ್ಲಿ ಅವನಷ್ಟು ಜನರನ್ನು ಹೊತ್ತು ತಂದವರಿಲ್ಲ. ಹೆಣಗಳನ್ನು ಮಾತ್ರ ಅವನು ಮರದ ದಿಮ್ಮಿಯಂತೆ ದಾಟಿ ಹೋಗುತ್ತಿದ್ದ. ನಮ್ಮ ಓಣಿಯ ಹುಡುಗರ ಹೆಣಗಳನ್ನೂ ದಾಟಿದ, ಕಣ್ಣು ಮುಚ್ಚಿಸಲೂ ನಿಲ್ಲಲಿಲ್ಲ. ಆ ಸುದ್ದಿ ಊರಿಗೆ ಮುಟ್ಟಿ, ಅವನಿಗಾಗಿ ಕುರ್ಚಿ ಬಿಡುತ್ತಿದ್ದ ಹೆಂಗಸರೇ ಅವನ ಹೆಸರೆತ್ತಿ ಉಗುಳಿದರು.

ಒಂದು ಸಂಜೆ, ಮರದಡಿ ಇಳಿಸಿದ ಒಬ್ಬ ಅವನ ತೋಳು ಬಿಡಲಿಲ್ಲ. ಮೇಯೋ ಕಡೆಯವನೇ, ಹೊಟ್ಟೆಗೆ ಗುಂಡು ಬಿದ್ದಿತ್ತು, ಉಳಿಯುವವನಲ್ಲ.

"ಇನ್ನೆಷ್ಟೊತ್ತೋ ಮಾರಾಯ. ನಾನು ಹೋಗೋವರ್ಗೂ ಇಲ್ಲೇ ಇರೋ. ಒಬ್ಬನೇ ಬಿಟ್ಟು ಹೋಗ್ಬೇಡ್ವೋ."

ಮಲಕಿ ಬಯಲಿನ ಕಡೆ ಕಿವಿಗೊಟ್ಟ. "ಆಗಲ್ಲ ಕಣೋ," ಎಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. "ಅಲ್ಲೊಬ್ಬ ಇನ್ನೂ ಕೂಗ್ತಿದ್ದಾನೆ."